ನಾಲ್ಕನೇ ಕಾರ್ಬನ್ ಪ್ರತಿ

ಚಿಕ್ಕಪೇಟೆಯ ಓಣಿಯಲ್ಲಿದ್ದ ಜಾಬ್ ಟೈಪಿಂಗ್ ಅಂಗಡಿಯ ಕಟ್ಟಡವನ್ನು ಕೆಡವಿದ್ದಾರೆ. ಎಂಬತ್ತರ ದಶಕದಲ್ಲಿ ಕೆಲಸ ಹುಡುಕುತ್ತಿದ್ದ ನಮ್ಮಂಥವರ ಅರ್ಜಿಗಳೆಲ್ಲ ಹೊರಟದ್ದು ಅಲ್ಲಿಂದ, ರಾಯರ ಕೈಯಿಂದ.

ಒಳಗೆ ಕಾಲಿಟ್ಟರೆ ಕಾರ್ಬನ್ ಹಾಳೆ, ರಿಬ್ಬನ್ನಿನ ಮಸಿ, ಯಂತ್ರಕ್ಕೆ ಬಿಟ್ಟ ಎಣ್ಣೆ ಎಲ್ಲ ಕೂಡಿದ ಒಂದು ವಾಸನೆ. ಈಗಲೂ ಮೂಗಿನಲ್ಲಿದೆ. ಒಂದೇ ಹೊಡೆತದಲ್ಲಿ ಐದು ಪ್ರತಿ ತೆಗೆದುಕೊಡಿ ಎಂದು ನಾವು ಗೋಗರೆಯುತ್ತಿದ್ದೆವು. ರಾಯರು ಮೂರಕ್ಕಿಂತ ಹೆಚ್ಚು ಹಾಕುತ್ತಿರಲಿಲ್ಲ. "ನಾಲ್ಕನೇದು ಮಸುಕಾಗುತ್ತಪ್ಪಾ. ಮಸುಕು ಕಾಗದ ನೋಡಿ ಯಾರು ಕೆಲಸ ಕೊಡ್ತಾರೆ?" ಚೌಕಾಸಿ ಮಾಡಿ ಮಾಡಿ, ಎರಡು ಸಲ ಹೊಡೆದು ಒಂದೂವರೆ ದರ ತೆಗೆದುಕೊಳ್ಳಲು ಒಪ್ಪುತ್ತಿದ್ದರು.

ಬಯೊಡಾಟಾದಲ್ಲಿ 'ಟೈಪಿಂಗ್ ಸೀನಿಯರ್' ಎಂದು ಯಾರಾದರೂ ಬರೆದುಕೊಂಡು ಬಂದರೆ ರಾಯರು ಕನ್ನಡಕ ಹಣೆಗೇರಿಸಿ, ಸ್ಟೂಲು ಬಿಟ್ಟೇಳುತ್ತಿದ್ದರು. "ಕೂತ್ಕೋ, ನಾಲ್ಕು ಸಾಲು ಹೊಡಿ." ಬೆರಳು ತಡವರಿಸಿದರೆ ಸೀನಿಯರ್ ಹೋಗಿ ಜೂನಿಯರ್ ಆಗುತ್ತಿತ್ತು.

ಹಾಗಂತ ಆ ಕಾಲವನ್ನು ಹೊಗಳಲಾರೆ. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಕಾರ್ಡು ರಿನೀವಲ್ ಮಾಡಿಸುತ್ತಲೇ ತಲೆ ನೆರೆತವರಿದ್ದರು. ಖಾಲಿ ಹುದ್ದೆ ತಿಳಿಸಬೇಕೆಂದು 1959ರ ಕಾಯ್ದೆ ಹೇಳುತ್ತಿತ್ತೇ ಹೊರತು, ಅಲ್ಲಿಂದಲೇ ಆರಿಸಬೇಕೆಂದು ಹೇಳುತ್ತಿರಲಿಲ್ಲ. ಯಾವ ಜಾತಿ, ಯಾರ ಕಡೆಯವನು ಎಂಬುದರಲ್ಲೇ ಎಷ್ಟೋ ಇಂಟರ್‌ವ್ಯೂಗಳು ಮುಗಿದುಹೋಗುತ್ತಿದ್ದವು.

1997ರಲ್ಲಿ ನೌಕ್ರಿ ಡಾಟ್ ಕಾಮ್, 2003ರಲ್ಲಿ ಲಿಂಕ್ಡ್‌ಇನ್ ಬಂದವು. ಶಿರಸಿಯ ಹುಡುಗಿ ಇವತ್ತು ವೈಟ್‌ಫೀಲ್ಡಿನ ಮ್ಯಾನೇಜರಿಗೆ ನೇರವಾಗಿ ಬರೆಯಬಹುದು. ಸಣ್ಣ ಮಾತಲ್ಲ ಅದು. ಆದರೆ ನನ್ನ ತಂಗಿಯ ಮಗಳ ಪಾಡು ನೋಡುತ್ತಿದ್ದೇನೆ: ಫೋಟೋ ಸುತ್ತ 'ಓಪನ್ ಟು ವರ್ಕ್' ಎಂಬ ಹಸಿರು ಪಟ್ಟಿ, ಬೆಳಗಾದರೆ ಮುಖ ಕಾಣದ ಬಾಸುಗಳ ಪೋಸ್ಟಿಗೆ ಲೈಕು, ಕಾಮೆಂಟು. ಶನಿವಾರ ಆನ್‌ಲೈನ್ ಕೋರ್ಸು ಸೇರಿದವನು ಸೋಮವಾರ 'ಎಕ್ಸ್‌ಪರ್ಟ್'. ಕೂರಿಸಿ ನಾಲ್ಕು ಸಾಲು ಹೊಡೆಸುವವರಿಲ್ಲ. ಹಾಕಿದ ಅರ್ಜಿಗೆ ಉತ್ತರವೂ ಇಲ್ಲ. ನಮಗೆ ಕೆಲವು ಕಡೆಯಿಂದಲಾದರೂ 'ವಿಷಾದಿಸುತ್ತೇವೆ' ಎಂಬ ಕಾಗದ ಬರುತ್ತಿತ್ತು. ಅಂಚೆಚೀಟಿ ಹಚ್ಚುವಷ್ಟು ಮರ್ಯಾದೆ ಇತ್ತು.

ಕೊನೆಗೆ ಅವಳಿಗೆ ಕೆಲಸ ಸಿಕ್ಕಿದ್ದು ಕಾಲೇಜಿನ ಸೀನಿಯರ್ ಒಬ್ಬಳಿಗೆ ಕಳಿಸಿದ ಮೆಸೇಜಿನಿಂದ. ಆ ಹುಡುಗಿ ತನ್ನ ಕಂಪನಿಯಲ್ಲಿ ಇವಳ ಹೆಸರು ರೆಫರ್ ಮಾಡಿದಳು. ವಶೀಲಿ ಎಲ್ಲಿಗೂ ಹೋಗಿಲ್ಲ ಸ್ವಾಮಿ. ನಮ್ಮ ಕಾಲದಲ್ಲಿ ಕದ್ದುಮುಚ್ಚಿ ನಡೆಯುತ್ತಿತ್ತು, ಈಗ ಹೆಸರು ಹೇಳಿದವರಿಗೆ ಕಂಪನಿಯೇ ಬೋನಸ್ ಕೊಡುತ್ತದೆ.