ಐಬು ಹೇಳಿ ಮಾರುವುದು

ಗಡಿನಾಡಿನ ನಮ್ಮ ಮಾತಿನಲ್ಲಿ ‘ಐಬು’ ಎಂಬುದೊಂದು ಪದವಿದೆ. ಉರ್ದುವಿನಿಂದ ಬಂದು ಕನ್ನಡದ ಮನೆಗಳಲ್ಲಿ ನೆಲೆಸಿದ ಈ ಪದಕ್ಕೆ ದೋಷವೆಂದರ್ಥ. ದನದ ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿದ ಬಳಿಕ ಕೊಳ್ಳುವವನು ಐಬೇನಾದರೂ ಇದೆಯೇ ಎಂದು ಕೇಳುತ್ತಾನೆ. ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಕುದುರಿಸುವ ಬೆಲೆ ಗುಟ್ಟಾಗಿರಬಹುದು. ಐಬು ಗುಟ್ಟಾಗಬಾರದೆಂದು ಹಿರಿಯರು ಹೇಳುತ್ತಿದ್ದರು.

ಕಳೆದ ವರ್ಷ ಕೊಹೀರಿನ ನಮ್ಮ ಮನೆಯಲ್ಲಿ ಈ ಪ್ರಶ್ನೆ ಟರ್ಬೊಚಾರ್ಜರಿನ ರೂಪದಲ್ಲಿ ಎದುರಾಯಿತು. ಮಗನು ತನ್ನ ಹಳೆಯ ಪೆಟ್ರೋಲ್ ಕಾರಿಗೆ ಕೂಡಿಸಿದ್ದ ಕಿಟ್ ಅದು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಇಂಥ ಮಾರ್ಪಾಡುಗಳಿಗೆ ಅಡ್ಡ ಬರುವುದರಿಂದ ಅವನು ಎಂಜಿನ್ನನ್ನು ಮೊದಲಿನಂತೆ ಮಾಡಿಸಿದ್ದ. ಮಗಳ ಕಾಲೇಜು ಶುಲ್ಕದ ಗಡುವು ಹತ್ತಿರವಾಗಿತ್ತು. ಕಿಟ್ಟಿಗೆ 60,000 ರೂಪಾಯಿ ಕೇಳಿದೆವು.

ಎಂಜಿನ್ನು ಹೊರದೂಡುವ ಬಿಸಿ ಹೊಗೆಯ ಬಲದಿಂದ ಟರ್ಬೊದ ಒಂದು ಚಕ್ರ ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಇಂಧನವನ್ನು ಹೆಚ್ಚಾಗಿ ಉರಿಸಬಹುದು, ಬಲವೂ ಹೆಚ್ಚುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಚಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ನಿಮಿಷಕ್ಕೆ 1 ಲಕ್ಷ ಸುತ್ತನ್ನೂ ಮೀರಬಲ್ಲ ಆ ದಂಡವನ್ನು ಎಣ್ಣೆಯ ತೆಳು ಪದರ ಕಾಯುತ್ತದೆ. ಬೇರಿಂಗು ಸವೆದರೆ ದಂಡ ಅಲುಗುತ್ತದೆ. ಚಕ್ರದ ರೆಕ್ಕೆ ಹೊರಕವಚಕ್ಕೆ ತಾಗುತ್ತದೆ. ಮುರಿದ ಚೂರು ಒಳಗೆ ಸೇರಿದರೆ ಎಂಜಿನ್ನೇ ಹಾಳಾಗುತ್ತದೆ. ನಮ್ಮ ಟರ್ಬೊದ ದಂಡ ಬೆರಳಿಗೆ ತಿಳಿಯುವಷ್ಟು ಅಲುಗುತ್ತಿತ್ತು.

ಕೊಳ್ಳಲು ಬಂದವನು ಬೀದರಿನ ತರುಣ. ರಸ್ತೆಗಿಳಿಸದೆ ಸ್ಪರ್ಧೆಗೆಂದೇ ಇಟ್ಟ ಕಾರಿಗೆ ಅದು ಬೇಕಿತ್ತು. ಹಿಂದಿಯಲ್ಲಿ ಮಾತು ತೆಗೆದವನು, ಮಗಳಿಗೆ ನಾನು ಚಹಾ ತರಹೇಳಿದ್ದನ್ನು ಕೇಳಿ ಕನ್ನಡಕ್ಕೆ ಹೊರಳಿದ. 1956ರವರೆಗೆ ಜಹೀರಾಬಾದ್ ತಾಲ್ಲೂಕು ಬೀದರ್ ಜಿಲ್ಲೆಯಲ್ಲೇ ಇದ್ದುದನ್ನು ಹೇಳಿದಾಗ ಅವನ ಮುಖ ಅರಳಿತು. ಪರೀಕ್ಷಿಸಲೆಂದು ತಂದಿದ್ದ ಬೆಳಕಿನ ಕಡ್ಡಿಯನ್ನು ಜೇಬಿಗಿಟ್ಟುಕೊಂಡು, “ನಮ್ಮೋರೇ ಇದ್ದೀರಿ ಕಾಕಾ, ಇನ್ನೇನು ನೋಡೂದದ?” ಎಂದು ಹಣ ತೆಗೆದ.

ಮಗನು ನನ್ನತ್ತ ನೋಡಿದ. ಮಗಳು ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು.

“ನೋಡು ತಮ್ಮಾ, ಮೊದಲ ಇದನ್ನ ಅಲುಗಿಸಿ ನೋಡು” ಎಂದು ದಂಡದ ತುದಿಯನ್ನು ಅವನ ಬೆರಳಿಗೆ ಕೊಟ್ಟೆ. ಒಳಭಾಗವನ್ನು ಬದಲಿಸದೆ ಓಡಿಸಬಾರದೆಂದು ಮಗನು ವಿವರಿಸಿದ. ತರುಣ ಲೆಕ್ಕ ಹಾಕಿ 38,000ಕ್ಕೆ ಬಂದ, ಒಪ್ಪಿದೆವು. ಶುಲ್ಕಕ್ಕೆ ಕಡಿಮೆಬಿದ್ದ ಹಣವನ್ನು ಪೇರಲದ ತೋಟದ ಮುಂಗಡದಿಂದ ಹೊಂದಿಸಬೇಕಾಯಿತು.

ತೆಲುಗಿನ ಶಾಲೆ, ಉರ್ದುವಿನ ಪೇಟೆಗಳ ನಡುವೆ ಕನ್ನಡ ಉಳಿಯಬೇಕೆಂದು ನಾವು ಸಭೆ ಸೇರುತ್ತೇವೆ. ಭಾಷೆಯೊಡನೆ ಅದು ಹುಟ್ಟಿಸುವ ನಂಬಿಕೆಯೂ ಉಳಿಯಬೇಕು. ‘ನಮ್ಮೋರು’ ಎಂದು ಒಬ್ಬನು ನೋಡುವುದನ್ನು ಬಿಟ್ಟಾಗ, ಅವನ ಪರವಾಗಿ ನೋಡುವ ಹೊಣೆ ನಮ್ಮದಾಗುತ್ತದೆ.