ಹತ್ತು ಜನ ಬೇಕು

ಮೊದಲ ಸಂಬಳ ಬಂದಾಗ ಎಲ್ಲರೂ ಅಮ್ಮನಿಗೆ ಸೀರೆ ಕೊಡಿಸ್ತಾರೆ. ನಾನೂ ಕೊಡಿಸಿದೆ. ಆಮೇಲೆ ಆರು ತಿಂಗಳು ದುಡ್ಡು ಕೂಡಿಟ್ಟು ನಮ್ಮೂರ ಆಂಜನೇಯನಿಗೆ ಒಂದು ಮಷೀನು ಕೊಡಿಸಿದೆ.

ನೀವೂ ನೋಡಿರ್ತೀರಿ. ಕಬ್ಬಿಣದ ಸ್ಟ್ಯಾಂಡು, ಅದರ ಮೇಲೊಂದು ನಗಾರಿ, ಎರಡು ಕೋಲು, ಪಕ್ಕದಲ್ಲಿ ಗಂಟೆ ಮತ್ತು ಜಾಗಟೆ, ಕೆಳಗೆ ಒಂದು ಮೋಟರು. ಸ್ವಿಚ್ ಒತ್ತಿದರೆ ಸಾಕು, ಊರಾಚೆಗಿನ ತೋಟದವರೆಗೂ ಕೇಳೋ ಹಾಗೆ ತಾನೇ ಬಾರಿಸುತ್ತೆ. ಸ್ಟ್ಯಾಂಡಿನ ಮೇಲೆ ಕೆಂಪು ಪೇಂಟಿನಲ್ಲಿ "ದಾನಿಗಳು" ಅಂತ ಬರೆದು ಕೆಳಗೆ ನನ್ನ ಹೆಸರು, ಬ್ರಾಕೆಟ್ಟಿನಲ್ಲಿ "ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು" ಅಂತ ಬರೆಸಿದ್ದರು. ಸುಳ್ಳು ಯಾಕೆ ಹೇಳಲಿ, ಅದನ್ನ ನೋಡಿ ಖುಷಿಯಾಗಿತ್ತು. ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಬಂದಿದ್ದೆ. ಇದು 2019ರ ಮಾತು.

ನಮ್ಮೂರು ಹೊಳಲ್ಕೆರೆ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಅಡಿಕೆ, ತೆಂಗು, ಬೋರ್‌ವೆಲ್ಲು ಮತ್ತು ಬೋರ್‌ವೆಲ್ಲಿನ ಸಾಲ. ಅಮ್ಮನ ತವರು ಹೊಸದುರ್ಗದ ಕಡೆ. ಚಿಕ್ಕವನಿದ್ದಾಗ ನನ್ನ ಪ್ರಪಂಚ ಅಂದ್ರೆ ಈ ಎರಡು ತಾಲ್ಲೂಕು, ಜಾತ್ರೆಗೆ ನಾಯಕನಹಟ್ಟಿ, ತೇರಿಗೆ ಹಿರಿಯೂರು, ಆಸ್ಪತ್ರೆಗೆ ಚಿತ್ರದುರ್ಗ. ಅಷ್ಟೇ.

ನಮ್ಮಜ್ಜ ಶನಿವಾರ ಬಂತಂದ್ರೆ ಸಂಜೆ ಆರಕ್ಕೇ ಸ್ನಾನ ಮಾಡಿ ಗುಡಿಗೆ ಹೋಗಿಬಿಡ್ತಿದ್ದ. ಶನಿವಾರ ಆಂಜನೇಯನ ಗುಡಿಯಲ್ಲಿ ಭಜನೆ. ಅಜ್ಜನದು ಹಾರ್ಮೋನಿಯಂ. ಇನ್ನೊಬ್ಬರದು ದಮ್ಮಡಿ, ಉಳಿದವರದು ತಾಳ. ಇದಕ್ಕೆ ಕಮಿಟಿ ಅಂತೇನೂ ಇರಲಿಲ್ಲ, ಆದರೆ ಎಲ್ಲದಕ್ಕೂ ಸರದಿ ಇತ್ತು. ಒಂದೊಂದು ವಾರ ಒಂದೊಂದು ಮನೆಯಿಂದ ದೀಪದ ಎಣ್ಣೆ ಮತ್ತು ಪ್ರಸಾದಕ್ಕೆ ಮಂಡಕ್ಕಿ, ಹುರಿಗಡಲೆ, ಬೆಲ್ಲ. ಗುಡಿ ತೊಳೆಯೋದು ಶುಕ್ರವಾರ ಸಂಜೆ, ಹೆಂಗಸರು. ನೀರು ಹೊತ್ತು ಕೊಡೋದು ಕಾಲೇಜು ಹುಡುಗರು. ಮಂಗಳಾರತಿ ಹೊತ್ತಿಗೆ ಗಂಟೆ, ಜಾಗಟೆ, ನಗಾರಿ ನಮ್ಮಂಥ ಪುಟ್ಟ ಹುಡುಗರದ್ದು. ನಗಾರಿ ಕೋಲಿಗಾಗಿ ಅಲ್ಲಿ ನಡೆಯುತ್ತಿದ್ದ ಜಗಳ ನೋಡಬೇಕಿತ್ತು! ಅರ್ಧ ಹುಡುಗರು ಗುಡಿಗೆ ಬರ್ತಿದ್ದದ್ದೇ ಆ ಕೋಲಿಗೆ, ಇನ್ನರ್ಧ ಮಂಡಕ್ಕಿಗೆ. ದೇವರಿಗೆ ಅಂತ ಬಂದವರು ಎಷ್ಟು ಜನವೋ ಆ ದೇವರಿಗೇ ಗೊತ್ತು :)

ಮಷೀನು ಬಂದ ಮೇಲೆ ಹುಡುಗರಿಗೆ ಕೋಲಿಲ್ಲ. ಅದರ ಹಿಂದೆಯೇ ಕೊರೋನಾ ಬಂತು, ಗುಡಿಗೆ ಬೀಗ ಬಿತ್ತು. ಬೀಗ ತೆಗೆದ ಮೇಲೆ ಪೂಜಾರಪ್ಪ ಒಬ್ಬರೇ ಬಂದು ಸ್ವಿಚ್ ಒತ್ತಿ ಪೂಜೆ ಮುಗಿಸುವುದು ಅಭ್ಯಾಸವಾಯಿತು. ಭಜನೆ ನಿಂತಿದೆ ಅಂತ ಅಮ್ಮ ಫೋನಿನಲ್ಲಿ ಹೇಳಿದಾಗ ನಾನು ಇನ್ನೊಂದು ಬುದ್ಧಿವಂತಿಕೆಯ ಕೆಲಸ ಮಾಡಿದೆ. ಒಂದು ಸ್ಪೀಕರು, ಅದಕ್ಕೊಂದು ಪೆನ್ ಡ್ರೈವು, ತುಂಬಾ ಆಂಜನೇಯನ ಹಾಡು. ಕೊರಿಯರ್ ಮಾಡಿದೆ. ಸಮಸ್ಯೆ ಬಗೆಹರೀತು, ಟಿಕೆಟ್ ಕ್ಲೋಸ್!

ಅಜ್ಜ ಮಾತ್ರ ಏನೂ ಹೇಳಲಿಲ್ಲ. ಹಾರ್ಮೋನಿಯಂ ಅಟ್ಟಕ್ಕೆ ಹೋಯ್ತು ಅಂತ ಅಮ್ಮ ಯಾವಾಗಲೋ ಮಾತಿನ ಮಧ್ಯೆ ಹೇಳಿದ್ದಳು. ನಾನು ಅಷ್ಟಾಗಿ ಕಿವಿಗೆ ಹಾಕಿಕೊಂಡಿರಲಿಲ್ಲ.

ಕಳೆದ ವರ್ಷ ಆಫೀಸಿನ ಟೀಮಿನವರೆಲ್ಲ ಕೊಚ್ಚಿಗೆ ಹೋಗಿದ್ದೆವು. ಶನಿವಾರ ಮಟ್ಟಂಚೇರಿಯ ಜ್ಯೂ ಟೌನಿಗೆ ಹೋದರೆ ಸಿನಗಾಗ್ ಬಾಗಿಲು ಹಾಕಿದೆ. ಸಿನಗಾಗ್ ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರ. ಪಕ್ಕದ ಅಂಗಡಿಯವರು "ಇವತ್ತು ಶನಿವಾರ, ಸಬ್ಬತ್ತು, ನಾಳೆ ಬನ್ನಿ" ಅಂದರು. ಟೀಮಿನವರಿಗೆ ಬೇಜಾರು. ನನಗೆ ಮಾತ್ರ ಶನಿವಾರ ಅಂದ ಕೂಡಲೇ ಅಜ್ಜ ನೆನಪಾದ. ಭಾನುವಾರ ಎಲ್ಲರೂ ಬೋಟಿಂಗಿಗೆ ಹೋದರೆ ನಾನೊಬ್ಬನೇ ಅಲ್ಲಿಗೆ ಹೋದೆ.

1568ರಲ್ಲಿ ಕಟ್ಟಿದ ಮಂದಿರ ಅದು. ಪಕ್ಕದಲ್ಲೇ ಮಟ್ಟಂಚೇರಿ ಅರಮನೆ, ಅರಮನೆಯ ಭಗವತಿ ಗುಡಿ. ಗಡಿಯಾರದ ಗೋಪುರ 1760ರದ್ದು. ನಮ್ಮ ಗುಡಿಗಳ ಹಾಗೇ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ನೆಲಕ್ಕೆ ಚೀನಾದಿಂದ ತಂದ ನೀಲಿ ಬಿಳಿ ಟೈಲ್ಸು, ಎಲ್ಲಾ ಕೈಯಲ್ಲೇ ಚಿತ್ರ ಬರೆದದ್ದು. ಮೇಲೆ ಬೆಲ್ಜಿಯಂ ಗಾಜಿನ ದೀಪಗಳು. ನೋಡೋಕೆ ಎರಡು ಕಣ್ಣು ಸಾಲದು. ಆದರೆ ಅಲ್ಲಿದ್ದವರೆಲ್ಲ ನನ್ನಂತೆ ನೋಡೋಕೆ ಬಂದವರೇ.

ಯಾಕೆ ಹೀಗೆ ಅಂತ ಅಲ್ಲಿದ್ದ ಒಬ್ಬ ಗೈಡನ್ನ ಕೇಳಿದೆ. ಆತ ಹೇಳಿದ್ದು ಒಂದೇ ಮಾತು: "ಹತ್ತು ಜನ ಬೇಕು ಸಾರ್."

ಆಮೇಲೆ ರೂಮಿಗೆ ಬಂದು ಓದಿಕೊಂಡೆ. ಯಹೂದಿಗಳಲ್ಲಿ ಸಾಮೂಹಿಕ ಪ್ರಾರ್ಥನೆ ನಡೀಬೇಕಾದ್ರೆ ಕನಿಷ್ಠ ಹತ್ತು ಜನ ವಯಸ್ಕರು ಇರಲೇಬೇಕು. ಸಂಪ್ರದಾಯಸ್ಥರಲ್ಲಿ ಹತ್ತೂ ಗಂಡಸರೇ ಆಗಬೇಕು, ಈಗ ಕೆಲವು ಪಂಗಡಗಳಲ್ಲಿ ಹೆಂಗಸರನ್ನೂ ಎಣಿಸುತ್ತಾರೆ. ಇದಕ್ಕೆ ಮಿನ್ಯಾನ್ ಅಂತ ಹೆಸರು. ಒಂಬತ್ತು ಜನ ಮಹಾ ಪಂಡಿತರೇ ಇದ್ದರೂ ಆಗೋದಿಲ್ಲ, ಹತ್ತು ಜನ ಸಾಮಾನ್ಯರಿದ್ದರೆ ಆಗುತ್ತೆ! ನಮ್ಮ ಆಫೀಸಿನ ಸರ್ವರ್ ಕ್ಲಸ್ಟರಿನಲ್ಲೂ ಕೋರಂ ಅಂತ ಇದೆ. ಐದರಲ್ಲಿ ಮೂರು ಸರ್ವರ್ ಎದ್ದಿಲ್ಲ ಅಂದ್ರೆ ಉಳಿದೆರಡು ಎಷ್ಟೇ ಗಟ್ಟಿಯಾಗಿದ್ದರೂ ಕೆಲಸ ನಿಲ್ಲಿಸುತ್ತವೆ. ದಿನಾ ಅದೇ ಕೆಲಸ ಮಾಡೋ ನನಗೆ ದೇವರ ಮನೆಗೂ ಈ ಲೆಕ್ಕ ಇರಬಹುದು ಅಂತ ಹೊಳೆದೇ ಇರಲಿಲ್ಲ.

ಇನ್ನೂ ಒಂದು ವಿಷಯ ಓದಿದೆ. ಅಪ್ಪನೋ ಅಮ್ಮನೋ ತೀರಿಕೊಂಡರೆ ಮಗ ಹನ್ನೊಂದು ತಿಂಗಳು ಕಡ್ಡಿಶ್ ಅನ್ನೋ ಪ್ರಾರ್ಥನೆ ಹೇಳುತ್ತಾನೆ. ಅದನ್ನ ಒಬ್ಬನೇ ಹೇಳುವಂತಿಲ್ಲ, ಅದಕ್ಕೂ ಹತ್ತು ಜನ ಬೇಕು. ಅಂದ್ರೆ ಒಬ್ಬನ ದುಃಖಕ್ಕೆ ಇನ್ನೊಂಬತ್ತು ಜನ ಬೆಳಿಗ್ಗೆ ನಿದ್ದೆಗೆಟ್ಟು ಬರಬೇಕು. ಅವರೇನೂ ಮಾಡಬೇಕಾಗಿಲ್ಲ, ಬಂದು ನಿಂತು "ಆಮೇನ್" ಅನ್ನಬೇಕು. ಸ್ವಯಂಸೇವೆ ಅಂದ್ರೆ ನಾವು ಟೀ ಶರ್ಟು, ಬ್ಯಾನರು, ಗ್ರೂಪ್ ಫೋಟೋ ಅಂದುಕೊಂಡಿದ್ದೀವಲ್ಲ, ಇಲ್ಲಿ ಬರೀ ಹಾಜರಾಗುವುದೇ ಸೇವೆ. ದುಡ್ಡು ಕಳಿಸಿ ತಪ್ಪಿಸಿಕೊಳ್ಳೋ ಹಾಗಿಲ್ಲ. ಮಷೀನಂತೂ ಇಲ್ಲವೇ ಇಲ್ಲ, ಸಂಪ್ರದಾಯಸ್ಥರು ಸಬ್ಬತ್ತಿನ ದಿನ ಸ್ವಿಚ್ಚನ್ನೇ ಒತ್ತೋದಿಲ್ಲವಂತೆ! ನಮ್ಮ ಕೊಂಕಣ ತೀರದ ಬೆನೆ ಇಸ್ರೇಲಿಗಳು ಹಿಂದೆ ಗಾಣ ಆಡಿಸಿ ಎಣ್ಣೆ ತೆಗೆಯೋ ಕಸುಬಿನವರಾಗಿದ್ದರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲ ಅಂತ ಊರವರು ಅವರನ್ನ "ಶನಿವಾರ ತೇಲಿ", ಅಂದ್ರೆ ಶನಿವಾರದ ಗಾಣಿಗರು ಅಂತಲೇ ಕರೀತಿದ್ದರು.

ಒಂದು ಕಾಲಕ್ಕೆ ಕೊಚ್ಚಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಯಹೂದಿಗಳಿದ್ದರು. 1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ, 1950ರ ದಶಕದಲ್ಲಿ ಹೆಚ್ಚಿನವರು ಅಲ್ಲಿಗೆ ಹೊರಟರು. ಯಾರೂ ಓಡಿಸಿದ್ದಲ್ಲ, ತಾವಾಗಿ ಹೋದದ್ದು. ಉಳಿದವರಲ್ಲಿ ಹತ್ತು ತುಂಬದಾಯಿತು. ಪ್ರವಾಸಕ್ಕೆ ಬಂದ ಯಹೂದಿಗಳನ್ನ ಸೇರಿಸಿಕೊಂಡು ಲೆಕ್ಕ ತುಂಬಿಸುತ್ತಿದ್ದರಂತೆ. ಎರ್ನಾಕುಲಂನ ಕಡವುಂಭಾಗಂ ಸಿನಗಾಗಂತೂ 1970ರ ದಶಕದಲ್ಲೇ ಪ್ರಾರ್ಥನೆ ನಿಂತು ಮುಚ್ಚಿತು. ಅದನ್ನ ಹಾಳಾಗೋಕೆ ಬಿಡದೆ ಎಲಿಯಾಸ್ ಜೋಸೆಫಾಯಿ ಅನ್ನುವವರು ಮುಂಭಾಗದಲ್ಲಿ ಅಕ್ವೇರಿಯಂ ಮೀನು, ಗಿಡ ಮಾರಿಕೊಂಡು ದಶಕಗಟ್ಟಲೆ ಕಾದರು, 2018ರಲ್ಲಿ ಅದು ದುರಸ್ತಿಯಾಗಿ ಮತ್ತೆ ತೆರೆಯಿತು. ಕೋಲ್ಕತ್ತಾದ ಮಾಘೆನ್ ಡೇವಿಡ್ ಸಿನಗಾಗನ್ನು (1884) ತಲೆಮಾರುಗಳಿಂದ ನೋಡಿಕೊಂಡು ಬಂದಿರೋದು ಮುಸ್ಲಿಂ ಕುಟುಂಬದವರು. ಕಸ ಗುಡಿಸುವವರಿದ್ದಾರೆ, ದೀಪ ಒರೆಸುವವರಿದ್ದಾರೆ. ಎಣಿಸೋಕೆ ಹತ್ತು ಜನ ಮಾತ್ರ ಇಲ್ಲ.

ಓದುತ್ತಾ ಓದುತ್ತಾ ನನಗೆ ಹೊಟ್ಟೆಯೊಳಗೆ ಏನೋ ಆಯಿತು. ಅವರು ಸಮುದ್ರ ದಾಟಿ ಹೋದರು. ನಾವು ಹೋಗಿರೋದು ಎಲ್ಲಿಗೆ? ಹಿರಿಯೂರು, ಸಿರಾ, ತುಮಕೂರು ದಾಟಿದರೆ ಬೆಂಗಳೂರು. ಶನಿವಾರ ರಜೆ ಬೇರೆ!

ಕಾರ್ತಿಕದಲ್ಲಿ ಊರಿಗೆ ಹೋದೆ, ಬೇಕಂತಲೇ ಶನಿವಾರ. ಸಂಜೆ ಅಜ್ಜನನ್ನ ಗುಡಿಗೆ ಕರೆದುಕೊಂಡು ಹೋದೆ. ಅಜ್ಜನಿಗೆ ಈಗ ಎಂಬತ್ತೆರಡು. ಪೂಜಾರಪ್ಪ, ಅಜ್ಜ, ನಾನು, ಮೂರೇ ಜನ. ಆರತಿ ಹಚ್ಚಿ ಪೂಜಾರಪ್ಪ ಸ್ವಿಚ್ ಒತ್ತಿದರು. ಕರೆಂಟಿಲ್ಲ. ಮಷೀನಿನ ಸ್ಟ್ಯಾಂಡಿನ ಮೇಲೆ ನನ್ನ ಹೆಸರು, ಆರತಿ ಬೆಳಕಿನಲ್ಲಿ ಚೆನ್ನಾಗಿಯೇ ಕಾಣ್ತಿತ್ತು.

ಅಜ್ಜ ನನ್ನ ಕಡೆ ತಿರುಗಿ, "ಮಾಡಿದಷ್ಟು ನೀಡು ಭಿಕ್ಷೆ ಅಂದಾರೆ ಹಟ್ಟಿ ತಿಪ್ಪೇಸ್ವಾಮಿ. ನೀನು ನೀಡಿದ್ದು ಆತು, ಮಾಡಿದ್ದೇನೋ?" ಅಂದ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ನಮ್ಮ ಬಯಲುಸೀಮೆಗೆ ಕೆರೆ ಕಟ್ಟಿಸಿದ ಅವಧೂತರು. ಆ ಮಾತನ್ನ ಹುಟ್ಟಿದಾಗಿನಿಂದ ಕೇಳಿದ್ದೇನೆ, ಬಸ್ಸಿನ ಮೇಲೆ, ಟ್ರ್ಯಾಕ್ಟರಿನ ಮೇಲೆ ಓದಿದ್ದೇನೆ. ಅವತ್ತು ಮೊದಲ ಸಲ ಅದು ನನಗೇ ಹೇಳಿದ ಹಾಗಿತ್ತು.

"ಈಗೇನು ಮಾಡ್ಲಿ ಅಜ್ಜ?"

"ಕೋಲು ಬಿಚ್ಚು."

ಬೈಕಿನ ಟೂಲ್ ಕಿಟ್ಟಿನಿಂದ ಸ್ಪ್ಯಾನರ್ ತಂದು ಮಷೀನಿಗೆ ಬಿಗಿದಿದ್ದ ಕೋಲು ಬಿಚ್ಚಿದೆ. ನಗಾರಿ ಕೆಳಗಿಳಿಸಿ ಬಾರಿಸಿದೆ. ತಾಳ ತಪ್ಪಿತು. ಎರಡು ನಿಮಿಷಕ್ಕೆ ಅಂಗೈ ಉರಿ. ಅಷ್ಟರಲ್ಲಿ ಬೀದಿಯಿಂದ ಯಾರೋ ಕೂಗಿದರು: "ಯಾವನಲೇ ಅದು, ಹಿಂಗೆ ಬಡಿತಿರೋನು?"

ಮಷೀನು ತಾಳ ತಪ್ಪೋದಿಲ್ಲ. ಅದಕ್ಕೇ ಇಷ್ಟು ವರ್ಷ ಅದರ ಸದ್ದಿಗೆ ಯಾರೂ ಮನೆಯಿಂದ ಹೊರಗೆ ಬಂದಿರಲಿಲ್ಲ. ತಪ್ಪು ಬಡಿತ ಕೇಳಿ ಅವರು ಬಂದರು, ಬಂದು ನನ್ನ ಕೈಯಿಂದ ಕೋಲು ಕಿತ್ತುಕೊಂಡು "ಹಿಂಗಲ್ಲ ಕಣೋ, ಹಿಂಗೆ" ಅಂತ ಬಾರಿಸಿದರು. ಅವರ ಹಿಂದೆ ದೊಡ್ಡಮ್ಮ ಬಂದಳು, ಜೊತೆಗೆ ಮೊಮ್ಮಕ್ಕಳಿಬ್ಬರು. ನಾನು ಎಣಿಸಿದೆ. ಏಳು ಜನ. ಅಜ್ಜ ಹಾರ್ಮೋನಿಯಂ ಇಲ್ಲದೆಯೇ ಎರಡು ಹಾಡು ಹೇಳಿದ. ಎರಡನೆಯದರ ಮಧ್ಯೆ ಸಾಲು ಮರೆತುಹೋಯಿತು, ದೊಡ್ಡಮ್ಮ ಎತ್ತಿಕೊಟ್ಟಳು. ಮಂಡಕ್ಕಿ ಮಾತ್ರ ಇರಲಿಲ್ಲ, ಹುಡುಗರು ಬೇಜಾರು ಮಾಡಿಕೊಂಡರು.

ಇದರಿಂದ ಊರೇ ಬದಲಾಯಿತು ಅಂತೇನೂ ಹೇಳೋಲ್ಲ. ತಿಂಗಳಿಗೊಂದು ಶನಿವಾರ ಬರ್ತೀನಿ ಅಂತ ಮಾತು ಕೊಟ್ಟೆ, ಆಗಲೇ ಎರಡು ಸಲ ರಿಲೀಸ್ ಇದೆ ಅಂತ ತಪ್ಪಿಸಿದ್ದೇನೆ. ಮಷೀನು ಅಲ್ಲೇ ಇದೆ, ಕೋಲು ಮಾತ್ರ ಗೋಡೆಯ ಗೂಡಿನಲ್ಲಿದೆ. ಹಾರ್ಮೋನಿಯಂ ಅಟ್ಟದಿಂದ ಇಳಿದಿದೆ, ಅದರ ತಿದಿ ತೂತಾಗಿದೆ, ದಾವಣಗೆರೆಗೆ ರಿಪೇರಿಗೆ ಒಯ್ಯಬೇಕು. ಈ ಸಲ ಕೊರಿಯರ್ ಮಾಡೋಲ್ಲ, ನಾನೇ ಒಯ್ತೀನಿ.

ಈಗ ಪ್ರತಿ ಶನಿವಾರ ರಾತ್ರಿ ಅಜ್ಜನ ಫೋನು ಬರುತ್ತೆ. ಊಟ ಆಯ್ತಾ ಅಂತಲೂ ಕೇಳೋದಿಲ್ಲ. ಲೆಕ್ಕ ಹೇಳ್ತಾನೆ ಅಷ್ಟೇ. "ಇವತ್ತು ಐದು." "ಇವತ್ತು ನಾಕೇ ಕಣೋ, ಮಳೆ." ಕಳೆದ ವಾರ ಒಂಬತ್ತು ಅಂದ. ಒಂಬತ್ತು ಅಂದು ಸ್ವಲ್ಪ ಹೊತ್ತು ಸುಮ್ಮನಿದ್ದ. ಕೊಚ್ಚಿಯ ಕತೆಯನ್ನ ಅವನಿಗೆ ನಾನೇ ಹೇಳಿದ್ದೆ.

ಈ ಶನಿವಾರಕ್ಕೆ ಬಸ್ಸಿನ ಟಿಕೆಟ್ ಬುಕ್ ಮಾಡಿದ್ದೀನಿ.

ನಿಮ್ಮೂರ ಗುಡಿಯಲ್ಲಿ, ಮಸೀದಿಯಲ್ಲಿ, ಚರ್ಚಿನಲ್ಲಿ ಹೇಗಿದೆ ಪರಿಸ್ಥಿತಿ? ನಗಾರಿ ಯಾರು ಬಾರಿಸ್ತಾರೆ? ಪುರುಸೊತ್ತಾದಾಗ ಬರೆದು ತಿಳಿಸಿ.