ಹೈದರಾಬಾದಿನ ತಾರಸಿಗಳ ಮೇಲೆ

ನಮ್ಮ ಸಂಘದ ಮೂರನೆಯ ಅಂತಸ್ತಿನ ಸಭಾಂಗಣವನ್ನು ವಾಚಕರೆಲ್ಲರೂ ಬಲ್ಲರು. ಕೆಳಗೆ ಬಾಡಿಗೆಯ ಅಂಗಡಿಗಳು, ನಡುವೆ ಆಫೀಸು, ಮೇಲೆ ಸಭಾಂಗಣ. ಅದರ ನೆತ್ತಿಯ ಮೇಲೆ ಸಾಕ್ಷಾತ್ ಸೂರ್ಯನಾರಾಯಣ. ಕಳೆದ ಏಪ್ರಿಲಿನಲ್ಲಿ ಅಲ್ಲಿ ನಡೆಯುತ್ತಿದ್ದ ಮಕ್ಕಳ ಕನ್ನಡ ವರ್ಗವನ್ನು ನಿಲ್ಲಿಸಬೇಕಾಗಿ ಬಂದಿತು. ಫ್ಯಾನು ಹಾಕಿದರೆ ಒಲೆಯ ಬಾಯಿಂದ ಬಂದಂಥ ಗಾಳಿ. ಕೆಲವು ವರ್ಷಗಳ ಕೆಳಗೆ, ಸೋರುವುದನ್ನು ತಡೆಯಲೆಂದು ಕಂಟ್ರಾಕ್ಟರೊಬ್ಬರು ತಾರಸಿಗೆಲ್ಲ ಕರಿಯ ಡಾಂಬರು ಹಾಳೆ ಅಂಟಿಸಿ ಹೋದರು. ಸೋರುವುದು ನಿಂತಿತು, ಸುಳ್ಳಲ್ಲ, ಬೇಯುವುದು ಶುರುವಾಯಿತು. ಈಗ ಕಾರ್ಯಕಾರಿ ಸಮಿತಿಯ ಮುಂದೆ ಏರ್ ಕಂಡೀಷನ್ ಯಂತ್ರಗಳ ಕೊಟೇಶನ್ನು ಬಂದು ಕುಳಿತಿದೆ. ಅದನ್ನು ಒಪ್ಪಿದರೆ ಪುಸ್ತಕ ಭಂಡಾರಕ್ಕೆಂದು ಪೈಸೆ ಪೈಸೆ ಕೂಡಿಟ್ಟ ನಿಧಿ ಮುಗಿದಂತೆಯೇ.

ಈ ಚಿಂತೆಯನ್ನು ಗಂಟು ಕಟ್ಟಿಕೊಂಡೇ ನಾವಿಬ್ಬರೂ ಮೇ ತಿಂಗಳಲ್ಲಿ ಪುಣೆಯಿಂದ ಹೈದರಾಬಾದಿಗೆ ಹೊರಟೆವು. ನೆಪ, ಭಾವನವರ ಮಗಳ ನಿಶ್ಚಿತಾರ್ಥ.

ರಾತ್ರಿಯ ಗಾಡಿ. ಕಣ್ಣು ಬಿಡುವ ಹೊತ್ತಿಗೆ ಕಲಬುರಗಿ. ಮುಂದೆ ಶಹಾಬಾದ್, ವಾಡಿ. ನಮ್ಮ ಪುಣೆಯ ಹಳೆಯ ಮನೆಗಳ ಅಂಗಳದಲ್ಲಿ ಹಾಸಿರುವ ಶಹಾಬಾದಿ ಫರಸಿ ಈ ನೆಲದಿಂದ ಬಂದದ್ದು. ಇಲ್ಲಿಯ ಜನ ಅದನ್ನು ನೆಲಕ್ಕಷ್ಟೇ ಅಲ್ಲ, ನೆತ್ತಿಗೂ ಹೊದಿಸುತ್ತಾರೆ. ಹಳೆಯ ಮನೆಗಳಿಗಾದರೋ ಮಣ್ಣಿನ ಮಾಳಿಗೆ. ಮರದ ತೊಲೆ, ಅದರ ಮೇಲೆ ಗೇಣುದ್ದದ ಮಣ್ಣು. ಹಗಲಿನ ಶಾಖ ಆ ಮಣ್ಣನ್ನು ದಾಟಿ ಒಳಗಿಳಿಯುವ ಹೊತ್ತಿಗೆ ಸಂಜೆಯಾಗಿರುತ್ತದೆ. ಮನೆಯವರು ಹಾಸಿಗೆ ಸುತ್ತಿಕೊಂಡು ಅದೇ ಮಾಳಿಗೆಯ ಮೇಲೆ ಮಲಗಲು ಹೋಗಿರುತ್ತಾರೆ! 1956ರವರೆಗೆ ಈ ಸೀಮೆಯೆಲ್ಲ ಹೈದರಾಬಾದು ಸಂಸ್ಥಾನ, ಬಳಿಕ ರಾಜ್ಯದ ಭಾಗವೇ ಆಗಿತ್ತು. ಬಿಸಿಲಿಗೆ ಮಾತ್ರ ಆ ಗಡಿ ಇಂದಿಗೂ ತಿಳಿದಂತಿಲ್ಲ.

ಭಾವನವರದು ಸಣ್ಣದೊಂದು ಮುದ್ರಣಾಲಯ. ಒಂದೇ ಅಂತಸ್ತು, ಕಾಂಕ್ರೀಟಿನ ತಾರಸಿ. ಊಟವಾದ ಮೇಲೆ, ಮಧ್ಯಾಹ್ನ ಎರಡು ಗಂಟೆಗೆ, ನಮ್ಮನ್ನು ಅದರ ಮೇಲಕ್ಕೆ ಹತ್ತಿಸಿದರು. “ಚಪ್ಪಲಿ ಬಿಡಿ” ಎಂದರು. ಪರಿಹಾಸ್ಯವೆಂದುಕೊಂಡೆವು. ಬಿಟ್ಟು ನಿಂತೆವು, ಬೆಚ್ಚಗಿತ್ತು, ಅಷ್ಟೇ. ತಾರಸಿಯೆಲ್ಲ ಹಾಲು ಚೆಲ್ಲಿದಂತೆ ಬಿಳಿ. ಬಳಿಕ ಪಕ್ಕದ ಗೋದಾಮಿನ ಬೂದುಬಣ್ಣದ ತಾರಸಿಗೆ ದಾಟಿ ಕಾಲಿಟ್ಟೆವು. ಇಟ್ಟ ಕಾಲನ್ನು ಎಷ್ಟು ಬೇಗ ತೆಗೆದೆವೆಂದರೆ, ಅತ್ತಿಗೆಯವರು ಕೆಳಗಿನಿಂದಲೇ ನಕ್ಕರು.

ಭಾವನವರು ಮೊದಲ ವರ್ಷ ಬರಿಯ ಸುಣ್ಣ ಬಳಿಸಿದ್ದರಂತೆ. ಖರ್ಚು ಕಡಮೆ, ತಂಪೂ ಆಯಿತು. ಮಳೆಗಾಲ ಬಂದು ತೊಳೆದುಕೊಂಡು ಹೋಯಿತು. ಎರಡನೆಯ ಸಲ ಬಿಸಿಲನ್ನು ಹಿಂದಕ್ಕೆ ಅಟ್ಟುವ ಬಿಳಿಯ ಲೇಪವನ್ನೇ ಹಾಕಿಸಿದರು. “ಬೆಳಕನ್ನು ತಿರುಗಿಸಿದರೆ ಸಾಲದು. ಹೀರಿದಷ್ಟು ಶಾಖವನ್ನು ಆಕಾಶಕ್ಕೆ ಬೇಗ ಬಿಟ್ಟುಕೊಡಲೂ ಬೇಕು. ಹೊಸ ತಗಡು ಫಳಫಳ ಹೊಳೆಯುತ್ತೆ, ಆದರೆ ಹಿಡಿದ ಶಾಖವನ್ನು ಜಿಪುಣನ ಹಾಗೆ ಬಿಡೋದಿಲ್ಲ” ಎಂದು ವಿವರಿಸಿದರು. ಬಿಳಿಯ ಲೇಪಕ್ಕೆ ಎರಡು ಗುಣವೂ ಇದೆ. ಅದರ ಶತ್ರು ಧೂಳು. ಕೂತಷ್ಟೂ ಗುಣ ಇಳಿಯುತ್ತದೆ. ಆಗಾಗ ಗುಡಿಸಿ ತೊಳೆಯಬೇಕು.

ಅತ್ತಿಗೆಯವರ ಪ್ರಶ್ನೆಯೇ ಬೇರೆಯಾಗಿತ್ತಂತೆ: ತಂಪು ತಾರಸಿಯಲ್ಲಿ ಸಂಡಿಗೆ ಒಣಗುವುದೆ? ಒಣಗಿತು. ಒಣಗಿಸುವ ಬಿಸಿಲು ಮೇಲಿನಿಂದ ಬರುತ್ತದಲ್ಲವೆ! ಕಣ್ಣು ಕೋರೈಸುತ್ತದೆಂಬ ದೂರು ಮಾತ್ರ ಉಳಿದಿದೆ.

ಈ ಊರಿನಲ್ಲಿ ಬಿಳಿ ತಾರಸಿ ಯಾರೋ ಒಬ್ಬರ ಹುಚ್ಚಲ್ಲ. 2023ರ ಏಪ್ರಿಲಿನಲ್ಲಿ ತೆಲಂಗಾಣ ಸರಕಾರವು ತಂಪು ಚಾವಣಿಯ ನೀತಿಯನ್ನೇ ಹೊರಡಿಸಿತು. ಐದು ವರ್ಷಗಳಲ್ಲಿ 300 ಚದರ ಕಿಲೋಮೀಟರು, ಅದರಲ್ಲಿ 200 ಹೈದರಾಬಾದಿನಲ್ಲೇ ಎಂಬುದು ಆಗ ಇಟ್ಟುಕೊಂಡ ಗುರಿ. ಹೊಸದಾಗಿ ಕಟ್ಟುವ ಸರಕಾರಿ ಹಾಗೂ ವ್ಯಾಪಾರದ ಕಟ್ಟಡಗಳಿಗೆ ಕಡ್ಡಾಯ. ವಾಸದ ಮನೆಗಾದರೆ ನಿವೇಶನ 600 ಚದರ ಗಜ ಮುಟ್ಟಿದರೆ ಕಡ್ಡಾಯ, ಚಿಕ್ಕದಾದರೆ ಮನೆಯವರ ಇಷ್ಟ. ಗುರಿ ಇಟ್ಟುಕೊಂಡದ್ದೇನೋ ದೊಡ್ಡದು. ಎತ್ತರದ ಮನೆಯ ಮೇಲೆ ನಿಂತು ನೋಡಿದಾಗ ನಮಗೆ ಕಂಡದ್ದು ಬೂದುಬಣ್ಣದ ಸಮುದ್ರ, ನಡುನಡುವೆ ಕೊಕ್ಕರೆ ಕೂತಂತೆ ಒಂದೊಂದು ಬಿಳಿ.

ಮರುದಿನ ಹೈಟೆಕ್ ಸಿಟಿಯ ಕಡೆಗಿರುವ ಸೊಹ್ರಾಬ್ಜಿ ಗೋದ್ರೇಜ್ ಗ್ರೀನ್ ಬಿಸಿನೆಸ್ ಸೆಂಟರಿಗೆ ಹೋದೆವು. 2004ರ ಜುಲೈಯಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಉದ್ಘಾಟಿಸಿದ ಕಟ್ಟಡವಿದು. ವಾಸ್ತುಶಿಲ್ಪಿ ಕರಣ್ ಗ್ರೋವರ್. ಇದರ ಚಾವಣಿಯ ಬಹುಭಾಗದಲ್ಲಿ ಹುಲ್ಲು ಬೆಳೆದಿದೆ, ಇನ್ನೊಂದು ಭಾಗದಲ್ಲಿ ಸೌರಫಲಕಗಳು. ನಡುವೆ ದುಂಡಗಿನ ಅಂಗಳ, ಜಾಲಂದ್ರದ ಗೋಡೆಗಳು. ಗಾಳಿಗೋಪುರಗಳಲ್ಲಿ ಇಳಿಯುವ ಗಾಳಿ ನೀರಿನಿಂದ ತಣಿದು ಯಂತ್ರಕ್ಕೆ ಹೋಗುತ್ತದೆ. ಅಷ್ಟರಮಟ್ಟಿಗೆ ಯಂತ್ರದ ಕೆಲಸ ಹಗುರ. ಹುಲ್ಲಿನ ಚಾವಣಿ ನೋಡಲು ಬಲು ಚೆಂದ. ಆದರೆ ಮಣ್ಣಿನ ಭಾರ, ನೀರಿನ ಖರ್ಚು ನೆನೆದು, ಇದು ನಮ್ಮ ಹಳೆಯ ಕಟ್ಟಡದ ಹೆಗಲಿಗೆ ಹೊರಿಸುವಂಥದ್ದಲ್ಲವೆಂದು ಅಲ್ಲಿಯೇ ತೀರ್ಮಾನಿಸಿದೆವು.

ಹೊರಗೆ ಬಂದರೆ ಮೂವತ್ತು ಅಂತಸ್ತಿನ ಗಾಜಿನ ಗೋಪುರಗಳು. ಅವುಗಳ ತುದಿಗೆ ಬಿಳಿ ಬಳಿದು ಹೆಚ್ಚಿನ ಫಲವೇನು? ಲಾಭವೆಲ್ಲ ಮೇಲಿನ ಒಂದು ಅಂತಸ್ತಿಗೆ. ಶಾಖ ನುಗ್ಗುವುದು ಗಾಜಿನಿಂದ. ತಾರಸಿಯ ಮಾತು ಬರುವುದು ಅಗಲವಾದ, ಗಿಡ್ಡನೆಯ ಕಟ್ಟಡಕ್ಕೆ: ಗೋದಾಮು, ಮುದ್ರಣಾಲಯ, ಮಾರುಕಟ್ಟೆ, ನಮ್ಮಂಥ ಸಂಘ.

ಎಷ್ಟು ಉಳಿದೀತು ಎಂದು ಖಜಾಂಚಿಯವರು ಕೇಳುವುದು ಖಂಡಿತ. ಹೈದರಾಬಾದಿನ ಟ್ರಿಪಲ್ ಐಟಿಯವರೂ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರೂ ಸೇರಿ ಇದೇ ಊರಿನ ಎರಡು ವ್ಯಾಪಾರಿ ಕಟ್ಟಡಗಳಲ್ಲಿ ಅಳೆದು ನೋಡಿ, ಫಲಿತಾಂಶವನ್ನು 2012ರಲ್ಲಿ ಪ್ರಕಟಿಸಿದ್ದಾರೆ. ಕರಿಯ ಚಾವಣಿಯನ್ನು ಬಿಳಿದು ಮಾಡಿದರೆ ಪ್ರತಿ ಚದರ ಮೀಟರಿಗೆ ವರ್ಷಕ್ಕೆ 20ರಿಂದ 22 ಯೂನಿಟ್ಟು ವಿದ್ಯುತ್ತು ಉಳಿತಾಯ. ತಂಪು ಮಾಡುವ ಖರ್ಚಿನಲ್ಲಿ ಶೇಕಡಾ 14ರಿಂದ 26ರಷ್ಟು. ಬರಿಯ ಕಾಂಕ್ರೀಟಾದರೆ 13–14 ಯೂನಿಟ್ಟು. ನಮ್ಮ ತಾರಸಿ ಸುಮಾರು 300 ಚದರ ಮೀಟರು, ಅದೂ ಕರಿಯದು. ಲೆಕ್ಕ ಹಾಕಿದರೆ ವರ್ಷಕ್ಕೆ 6000 ಯೂನಿಟ್ಟಿಗೆ ಮೀರುತ್ತದೆ. ಆದರೆ ಆ ಕಟ್ಟಡಗಳು ಹಗಲೆಲ್ಲ ಯಂತ್ರ ನಡೆಯುವಂಥವು. ನಮ್ಮ ಸಭಾಂಗಣ ತೆರೆಯುವುದು ಹೆಚ್ಚಾಗಿ ಸಂಜೆಗೆ, ಭಾನುವಾರಕ್ಕೆ. ಅಷ್ಟು ನಮಗೆ ದಕ್ಕದು. ಯಂತ್ರವನ್ನೇ ಕೊಳ್ಳದಿದ್ದರಂತೂ ಬಿಲ್ಲಿನಲ್ಲಿ ಉಳಿಯುವುದೇನೂ ಇಲ್ಲ, ಮಕ್ಕಳು ಕೂರುವಂತಾಗುತ್ತದೆ. ಕೊಳ್ಳುವುದೇ ಆದರೆ, ಕರಿಯ ತಾರಸಿಯ ಕೆಳಗೆ ಕೊಳ್ಳುವುದಕ್ಕಿಂತ ಚಿಕ್ಕದು ಸಾಕಾಗುತ್ತದೆ.

ಊರಿಗೆ ಮರಳಿ ಸಮಿತಿಯಲ್ಲಿ ಇದನ್ನೆಲ್ಲ ಹೇಳಿದೆವು. ಹಿರಿಯರೊಬ್ಬರು, “ಸುಣ್ಣ ಬಳಿಯಲು ಹೈದರಾಬಾದಿಗೆ ಹೋಗಬೇಕಿತ್ತೇನ್ರಿ?” ಎಂದರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಕೊಟೇಶನ್ನನ್ನು ಒಂದು ಬೇಸಗೆಯ ಮಟ್ಟಿಗೆ ಮುಂದೂಡಿದ್ದಾರೆ. ಪುಸ್ತಕ ಭಂಡಾರದ ನಿಧಿ ಸದ್ಯ ಬ್ಯಾಂಕಿನಲ್ಲಿಯೇ ಇದೆ.

ಒಂದು ತೊಡಕಿದೆ. ಡಾಂಬರಿನ ಮೇಲೆ ನೇರವಾಗಿ ಬಿಳಿ ಬಳಿದರೆ ಅದರ ಎಣ್ಣೆ ಮೇಲಕ್ಕೆ ಜಿನುಗಿ ಹಳದಿ ಕಲೆ ಕಟ್ಟುತ್ತದೆಯೆಂದು ಭಾವನವರು ಎಚ್ಚರಿಸಿದ್ದರು. ಮೊದಲು ಅದನ್ನು ತಡೆಯುವ ಲೇಪವೊಂದು ಬೇಕು, ಹಾಳೆ ಎದ್ದ ಕಡೆ ಕಿತ್ತು ಸರಿಪಡಿಸಬೇಕು, ನೀರು ನಿಲ್ಲುವ ಮೂಲೆಗೆ ಇಳಿಜಾರು ಕೊಡಬೇಕು. ಮಳೆ ನಿಂತು ತಾರಸಿ ಒಣಗಿದ ಮೇಲೆ, ನವೆಂಬರಿನಲ್ಲಿ ಕೆಲಸ. ಗುಡಿಸಿ ತೊಳೆಯುವುದಕ್ಕೆ ಸದಸ್ಯರು ಸರದಿಯಂತೆ ಬರಬೇಕಾಗುತ್ತದೆ. ಹೆಸರು ಕೊಡುವವರಿಗಾಗಿ ಆಫೀಸಿನಲ್ಲಿ ಪುಸ್ತಕವೊಂದನ್ನು ಇಟ್ಟಿದ್ದೇವೆ. ಇದುವರೆಗೆ ಏಳು ಮಂದಿ ಬರೆದಿದ್ದಾರೆ, ಅವರಲ್ಲಿ ನಾಲ್ವರು ಕನ್ನಡ ವರ್ಗದ ಮಕ್ಕಳು.